ಎಸ್‌ಎಂಪಿಎಸ್ ಫ್ಯಾನ್ ಸದ್ದು ಮಾಡುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಡೆಸ್ಕ್‌ಟಾಪ್ ಕಂಪ್ಯೂಟರಿನ ಎಸ್‌ಎಂಪಿಎಸ್, ಅಂದರೆ ಪವರ್ ಸಪ್ಲೈ, ಸದ್ದು ಮಾಡತೊಡಗಿದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವ ಅಗತ್ಯವಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ, ಎಂಥ ಸದ್ದು, ಯಾವಾಗ ಬರುತ್ತದೆ ಎಂಬುದು ತಿಳಿದರೆ ಬಹಳಷ್ಟು ತೊಂದರೆ ಡಬ್ಬಿ ಬಿಚ್ಚದೆಯೇ ಸರಿಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಎಸ್‌ಎಂಪಿಎಸ್ ಒಳಗೆ ಪ್ರಾಣಕ್ಕೆ ಅಪಾಯ ತರುವಷ್ಟು ವೋಲ್ಟೇಜ್ ಉಳಿದಿರಬಹುದು. ಹಾಗಾಗಿ ಡಬ್ಬಿ ಬಿಚ್ಚುವ ವಿಚಾರವನ್ನು ಪುಟದ ಕೆಳಭಾಗದಲ್ಲಿ ಬೇರೆಯಾಗಿ ಬರೆದಿದೆ. ಅಲ್ಲಿಗೆ ಬರುವವರೆಗಿನ ಎಲ್ಲ ಕೆಲಸವನ್ನೂ ಯಾರು ಬೇಕಾದರೂ ಮಾಡಬಹುದು.

ಸದ್ದು ಎಸ್‌ಎಂಪಿಎಸ್ ಫ್ಯಾನಿನದ್ದೇ ಎಂದು ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಸಾಧಾರಣ ಕ್ಯಾಬಿನೆಟ್ ಒಂದರಲ್ಲಿ ಪ್ರೊಸೆಸರ್ ಮೇಲೊಂದು ಫ್ಯಾನ್, ಮುಂದೆ ಹಿಂದೆ ಕ್ಯಾಬಿನೆಟ್ ಫ್ಯಾನ್‌ಗಳು, ಗ್ರಾಫಿಕ್ಸ್ ಕಾರ್ಡಿನಲ್ಲಿ ಎರಡೋ ಮೂರೋ, ಎಸ್‌ಎಂಪಿಎಸ್‌ನಲ್ಲಿ ಒಂದು ಇರುತ್ತವೆ. ಹಳೆಯ ಬಗೆಯ ಹಾರ್ಡ್ ಡಿಸ್ಕ್ ಇದ್ದರೆ ಅದೂ ತಿರುಗುವ ವಸ್ತುವೇ. ತಗಡಿನ ಪೆಟ್ಟಿಗೆ ಸದ್ದನ್ನು ಎಲ್ಲ ಕಡೆಗೂ ಹರಡುವುದರಿಂದ ಬರೀ ಕಿವಿಯನ್ನು ನಂಬಿದರೆ ಮೋಸ ಹೋಗುವುದು ಸುಲಭ.

ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆಯಿರಿ. ದಪ್ಪ ಕಾಗದವನ್ನು ಕೊಳವೆಯಾಗಿ ಸುತ್ತಿ, ಒಂದು ತುದಿ ಕಿವಿಗೆ, ಇನ್ನೊಂದು ತುದಿಯನ್ನು ಪ್ರತಿ ಫ್ಯಾನಿನ ಹತ್ತಿರ ಹಿಡಿದು ಕೇಳಿ. ಲೋಹದ ಕೊಳವೆ ಬೇಡ. ಕೂದಲು, ಬಟ್ಟೆಯ ತುದಿ ಫ್ಯಾನಿಗೆ ಸಿಗದಂತೆ ನೋಡಿಕೊಳ್ಳಿ.

ಅನಂತರ ಒಂದೊಂದನ್ನೇ ಬಿಟ್ಟು ನೋಡುತ್ತ ಬನ್ನಿ. ಕ್ಯಾಬಿನೆಟ್ ಫ್ಯಾನ್‌ಗಳ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸಿ. ಈಗಿನ ಹಲವು ಗ್ರಾಫಿಕ್ಸ್ ಕಾರ್ಡುಗಳ ಫ್ಯಾನ್ ಕೆಲಸವಿಲ್ಲದಾಗ ತಾನೇ ನಿಂತಿರುತ್ತದೆ. ಅದು ನಿಂತಿದ್ದಾಗಲೂ ಸದ್ದಿದ್ದರೆ ಕಾರಣ ಬೇರೆ. ಪ್ರೊಸೆಸರ್ ಫ್ಯಾನಿನ ನಡುವಿನ ಗುಂಡು ಭಾಗವನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ಎರಡು ಸೆಕೆಂಡ್ ನಿಲ್ಲಿಸಿ ನೋಡಬಹುದು, ಅದಕ್ಕಿಂತ ಹೆಚ್ಚು ಹೊತ್ತು ಬೇಡ. ಹಾರ್ಡ್ ಡಿಸ್ಕ್ ಮೇಲೆ ಅನುಮಾನವಿದ್ದರೆ ಶಟ್‌ಡೌನ್ ಮಾಡಿ, ಅದರ ಎರಡೂ ಕೇಬಲ್ ಬಿಡಿಸಿ, ಬಯೋಸ್ ಪರದೆಯವರೆಗೆ (ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ ಪರದೆ) ಮಾತ್ರ ಆನ್ ಮಾಡಿ ಕೇಳಿ. ಇಷ್ಟೆಲ್ಲ ಆದ ಮೇಲೂ ಸದ್ದು ಹಾಗೇ ಇದ್ದರೆ ಅದು ಎಸ್‌ಎಂಪಿಎಸ್‌ನದ್ದು.

ಎಸ್‌ಎಂಪಿಎಸ್ ಓಡುತ್ತಿರುವಾಗ ಅದರ ಜಾಲರಿಯೊಳಗೆ ಕಡ್ಡಿ, ಸ್ಕ್ರೂಡ್ರೈವರ್ ಯಾವುದನ್ನೂ ತೂರಿಸಿ ಫ್ಯಾನ್ ನಿಲ್ಲಿಸಲು ಹೋಗಬೇಡಿ. ರೆಕ್ಕೆಯ ಹಿಂದೆಯೇ ಹೈ ವೋಲ್ಟೇಜ್ ಭಾಗಗಳಿವೆ.

ಎಸ್‌ಎಂಪಿಎಸ್ ಒಂದನ್ನೇ ಹೊರಗಿಟ್ಟು ಓಡಿಸಿ ನೋಡಬಹುದೇ?

ನೋಡಬಹುದು. ಅನುಮಾನ ಪೂರ್ತಿ ಬಗೆಹರಿಯುವುದು ಇದರಿಂದಲೇ. ಶಟ್‌ಡೌನ್ ಮಾಡಿ, ಹಿಂಬದಿಯ ಸ್ವಿಚ್ ಆಫ್ ಮಾಡಿ, ಪ್ಲಗ್ ಕೀಳಿ. ಮದರ್‌ಬೋರ್ಡಿನ 24 ಪಿನ್ ಕನೆಕ್ಟರ್, ಪ್ರೊಸೆಸರಿಗೆ ಹೋಗುವ 4 ಅಥವಾ 8 ಪಿನ್, ಗ್ರಾಫಿಕ್ಸ್ ಕಾರ್ಡ್ ಮತ್ತು ಡಿಸ್ಕುಗಳ ಕನೆಕ್ಟರ್ ಎಲ್ಲವನ್ನೂ ಬಿಡಿಸಿ. ಕ್ಯಾಬಿನೆಟ್ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿದರೆ ಎಸ್‌ಎಂಪಿಎಸ್ ಕೈಗೆ ಬರುತ್ತದೆ. ಕೊನೆಯ ಸ್ಕ್ರೂ ಬಿಚ್ಚುವಾಗ ಕೆಳಗಿನಿಂದ ಕೈ ಕೊಟ್ಟು ಹಿಡಿದಿರಿ. ಮೇಲ್ಭಾಗದಲ್ಲಿ ಕೂರಿಸಿದ್ದರೆ ಜಾರಿ ಮದರ್‌ಬೋರ್ಡಿನ ಮೇಲೆ ಬೀಳುವ ಸಾಧ್ಯತೆ ಇದೆ.

ಅದನ್ನು ಮರದ ಮೇಜಿನ ಮೇಲೆ ಫ್ಯಾನ್ ಮೇಲ್ಮುಖವಾಗಿರುವಂತೆ ಇಡಿ. ಈಗ 24 ಪಿನ್ ಕನೆಕ್ಟರ್ ತೆಗೆದುಕೊಳ್ಳಿ. ಕ್ಲಿಪ್ ಇರುವ ಬದಿಯ ಸಾಲಿನಲ್ಲಿ ಹಸಿರು ತಂತಿ ಒಂದೇ ಒಂದು ಇರುತ್ತದೆ, ಅದು 16ನೇ ಪಿನ್. ಅದರ ಎರಡೂ ಪಕ್ಕದಲ್ಲಿರುವ 15 ಮತ್ತು 17 ಎರಡೂ ಗ್ರೌಂಡ್. 16ನ್ನೂ 17ನ್ನೂ ಇನ್ಸುಲೇಷನ್ ಇರುವ ಚಿಕ್ಕ ತಂತಿಯಿಂದ ಜೋಡಿಸಿ. ಎಲ್ಲ ತಂತಿಯೂ ಕಪ್ಪಾಗಿರುವ ಮಾದರಿಗಳಲ್ಲಿ ಬಣ್ಣ ನೋಡಿ ಗುರುತಿಸಲಾಗದು. ಕ್ಲಿಪ್ ಬದಿಯ ಸಾಲಿನಲ್ಲಿ 13ನೇ ಪಿನ್ ಇರುವ ತುದಿಯಿಂದ ನಾಲ್ಕನೆಯದನ್ನು ಎಣಿಸಿ, ತಯಾರಕರ ಪಿನ್ ಚಿತ್ರದ ಜೊತೆ ತಾಳೆ ನೋಡಿ. ಇಷ್ಟೂ ಕೆಲಸ ಪ್ಲಗ್ ಕಿತ್ತಿರುವಾಗಲೇ ಆಗಬೇಕು. ಆಮೇಲೆ ಪ್ಲಗ್ ಹಾಕಿ ಸ್ವಿಚ್ ಒತ್ತಿ.

ಫ್ಯಾನ್ ತಿರುಗಿ ಅದೇ ಸದ್ದು ಬಂದರೆ ಆರೋಪಿ ಸಿಕ್ಕಿತು. ಇನ್ನೂ ಒಂದು ಪರೀಕ್ಷೆ ಮಾಡಿ: ಆಫ್ ಮಾಡಿ, ಡಬ್ಬಿಯನ್ನು ಪಕ್ಕಕ್ಕೆ ಮಲಗಿಸಿ ಮತ್ತೆ ಓಡಿಸಿ. ಫ್ಯಾನ್ ನೇರವಾಗಿ ನಿಂತಾಗ ಸದ್ದು ಕಡಿಮೆಯಾದರೆ ಅಥವಾ ಬೇರೆ ಥರ ಕೇಳಿದರೆ ಬೇರಿಂಗ್ ಸವೆದಿದೆ ಎಂದೇ ತಿಳಿಯಿರಿ. ಸಡಿಲವಾದ ಶಾಫ್ಟ್ ಭಾರ ಬಿದ್ದ ಕಡೆಗೆ ವಾಲುತ್ತದೆ, ಅದಕ್ಕೇ ಈ ವ್ಯತ್ಯಾಸ.

ಕೆಲವು ಹಳೆಯ ಎಸ್‌ಎಂಪಿಎಸ್‌ಗಳು ಲೋಡ್, ಅಂದರೆ ಕರೆಂಟ್ ಎಳೆಯುವ ಸಾಧನ, ಇಲ್ಲದೆ ಆನ್ ಆಗುವುದಿಲ್ಲ. ಅಂಥವಕ್ಕೆ ಹಳೆಯ ಡಿವಿಡಿ ಡ್ರೈವ್ ಒಂದನ್ನು ಚುಚ್ಚಿ ನೋಡಿ. ಲೋಡ್ ಕಡಿಮೆ ಇದ್ದಾಗ ಫ್ಯಾನ್ ನಿಲ್ಲಿಸುವ ಮಾದರಿಯಾದರೆ ಈ ಪರೀಕ್ಷೆಯಲ್ಲಿ ಫ್ಯಾನ್ ತಿರುಗದೇ ಇರಬಹುದು. ಅದು ದೋಷವಲ್ಲ.

ಸದ್ದಿನ ರೀತಿ ಕೇಳಿ ಕಾರಣ ಹೇಳಬಹುದೇ?

ಬಹುಮಟ್ಟಿಗೆ ಹೇಳಬಹುದು.

ಟಕಟಕ ಅಥವಾ ಟಿಕ್ ಟಿಕ್ ಎಂದು ತಾಳ ಹಾಕಿದಂತೆ ಬಂದು, ಫ್ಯಾನ್ ವೇಗ ಹೆಚ್ಚಿದಂತೆ ತಾಳವೂ ಹೆಚ್ಚಿದರೆ ರೆಕ್ಕೆಗೆ ಏನೋ ತಾಗುತ್ತಿದೆ. ಹೊರಗಿನಿಂದ ನೋಡಬೇಕಾದ್ದು ಎರಡು: ಜಾಲರಿಯ ಮೇಲೆ ಬಿದ್ದಿರುವ ಕೇಬಲ್ ಅಥವಾ ಕೇಬಲ್ ಟೈಯ ಬಾಲ, ಮತ್ತು ಒಳಕ್ಕೆ ಬಗ್ಗಿದ ಜಾಲರಿ. ಸಾಗಿಸುವಾಗ ಒತ್ತಡ ಬಿದ್ದು ಜಾಲರಿ ಒಂದೆರಡು ಮಿಲಿಮೀಟರ್ ಬಗ್ಗಿದರೂ ರೆಕ್ಕೆಗೆ ತಾಗುತ್ತದೆ. ಒಳಗಡೆಯ ಕಾರಣಗಳೂ ಎರಡು: ಫ್ಯಾನಿನ ಕಡೆಗೆ ಎದ್ದು ಬಂದ ತಂತಿ, ಮತ್ತು ಪಾರದರ್ಶಕ ಪ್ಲಾಸ್ಟಿಕ್ ಹಾಳೆ. ಗಾಳಿ ಸರಿಯಾದ ಕಡೆಗೆ ಹರಿಯಲೆಂದು ಫ್ಯಾನಿನ ಒಂದು ಭಾಗಕ್ಕೆ ಅಡ್ಡಲಾಗಿ ಈ ಹಾಳೆಯನ್ನು ಕೂರಿಸಿರುತ್ತಾರೆ. ಅದರ ಒಂದು ಮೂಲೆ ಸಡಿಲವಾದರೆ ರೆಕ್ಕೆಗೆ ಸವರಿ ಜೀರುಂಡೆಯಂತೆ ಝೇಂಕರಿಸುತ್ತದೆ. ಇದನ್ನು ಬೇರಿಂಗ್ ಸದ್ದೆಂದು ತಪ್ಪು ತಿಳಿದು ಫ್ಯಾನ್ ಬದಲಿಸುವುದುಂಟು.

ಗರಗರ, ಕಿರಕಿರ ಎಂದು ಒರಟಾಗಿ, ಬಿಡದೆ ಬಂದರೆ ಬೇರಿಂಗ್. ಸ್ಲೀವ್ ಬೇರಿಂಗಿನಲ್ಲಿ (ಗುಂಡುಗಳಿಲ್ಲದೆ, ಎಣ್ಣೆ ಸವರಿದ ಕೊಳವೆಯೊಳಗೆ ಶಾಫ್ಟ್ ತಿರುಗುವ ಬಗೆ) ಎಣ್ಣೆ ಒಣಗಿರುತ್ತದೆ; ಬಾಲ್ ಬೇರಿಂಗಿನಲ್ಲಿ ಗುಂಡುಗಳೋ ಅವು ಉರುಳುವ ಜಾಡೋ ಸವೆದಿರುತ್ತದೆ.

ಗುಂಯ್ ಎಂಬ ದಪ್ಪ ಸದ್ದು ಕ್ಯಾಬಿನೆಟ್ ಮೇಲೆ ಕೈ ಇಟ್ಟ ಕೂಡಲೇ ಬದಲಾದರೆ ಅದು ಅದುರುವಿಕೆ. ಭುಸ್ ಎಂದು ಗಾಳಿಯ ಸದ್ದಷ್ಟೇ ಜೋರಾಗಿದ್ದರೆ ಫ್ಯಾನಿನಲ್ಲಿ ದೋಷವಿಲ್ಲ, ಅದು ವೇಗವಾಗಿ ತಿರುಗಬೇಕಾಗಿ ಬಂದಿದೆ. ಕೀಂಯ್ ಎಂಬ ಸಣ್ಣ ದನಿಗೂ ಫ್ಯಾನಿಗೂ ಸಂಬಂಧವಿಲ್ಲ. ಇವುಗಳ ವಿವರ ಮುಂದಿದೆ.

ಆನ್ ಮಾಡಿದಾಗ ಗರಗರ ಅನ್ನುತ್ತದೆ, ಐದು ಹತ್ತು ನಿಮಿಷಕ್ಕೆ ತಾನೇ ನಿಲ್ಲುತ್ತದೆ. ಬಿಟ್ಟುಬಿಡಬಹುದೇ?

ಇದು ಸ್ಲೀವ್ ಬೇರಿಂಗ್ ಒಣಗುತ್ತಿರುವುದರ ಮೊದಲ ಲಕ್ಷಣ. ತಣ್ಣಗಿರುವಾಗ ಉಳಿದ ಎಣ್ಣೆ ಗಟ್ಟಿಯಾಗಿರುತ್ತದೆ, ಶಾಫ್ಟ್ ಸುತ್ತ ಸರಿಯಾಗಿ ಹರಡುವುದಿಲ್ಲ. ಬಿಸಿಯಾದ ಮೇಲೆ ತೆಳುವಾಗಿ ಹರಡಿ ಸದ್ದು ಅಡಗುತ್ತದೆ. ಕೆಲವು ವಾರ ಅಥವಾ ತಿಂಗಳು ಹೀಗೇ ನಡೆದು, ಸದ್ದಿನ ಅವಧಿ ಉದ್ದವಾಗುತ್ತ ಹೋಗುತ್ತದೆ. ಕೊನೆಗೊಂದು ದಿನ ಫ್ಯಾನ್ ತಿರುಗಲು ಒದ್ದಾಡಿ ನಿಲ್ಲುತ್ತದೆ. ವಾರಂಟಿ ಇದ್ದರೆ ಕೊಟ್ಟು ಬದಲಿಸಿಕೊಳ್ಳಲು ಇದೇ ಸಮಯ. ಆನ್ ಮಾಡಿದಾಗಿನ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಸರ್ವಿಸ್ ಸೆಂಟರಿಗೆ ಒಯ್ಯುವಷ್ಟರಲ್ಲಿ ಸದ್ದು ಮಾಯವಾಗಿರಬಹುದು.

ಗೇಮ್ ಆಡುವಾಗ ಕೀಂಯ್ ಎಂದು ಚುಚ್ಚುವ ಸದ್ದು ಬರುತ್ತದೆ. ಫ್ಯಾನ್ ಬದಲಿಸಿದರೆ ಹೋಗುತ್ತದೆಯೇ?

ಹೋಗುವುದಿಲ್ಲ. ಅದು ಕಾಯಿಲ್ ವೈನ್. ಒಳಗಿನ ತಾಮ್ರದ ಸುರುಳಿಗಳು ಕರೆಂಟಿನ ಏರಿಳಿತಕ್ಕೆ ಅತಿ ಸೂಕ್ಷ್ಮವಾಗಿ ಕಂಪಿಸುವುದರಿಂದ ಬರುವ ಸದ್ದು. ಫ್ಯಾನ್ ಸದ್ದು ಏರಲು ಇಳಿಯಲು ಕೆಲವು ಸೆಕೆಂಡ್ ಹಿಡಿಯುತ್ತದೆ. ಕಾಯಿಲ್ ವೈನ್ ಪರದೆಯ ಮೇಲೆ ಪುಟ ಸರಿಸಿದ ಕ್ಷಣಕ್ಕೇ, ಗೇಮಿನ ಮೆನು ತೆರೆದ ಕ್ಷಣಕ್ಕೇ ಬದಲಾಗುತ್ತದೆ. ಮೆನುವಿನಲ್ಲಿ ಹೆಚ್ಚು ಕೇಳಿಸಲು ಕಾರಣ, ಅಲ್ಲಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತಿರುತ್ತದೆ. ವಿ-ಸಿಂಕ್ (ಫ್ರೇಮುಗಳನ್ನು ಮಾನಿಟರಿನ ವೇಗಕ್ಕೆ ಹೊಂದಿಸುವ ಆಯ್ಕೆ) ಹಾಕಿ ಅಥವಾ ಫ್ರೇಮ್ ಮಿತಿಯನ್ನು ಮಾನಿಟರಿನ ರಿಫ್ರೆಶ್ ರೇಟಿಗೆ ಇಳಿಸಿ ನೋಡಿ. ಸದ್ದು ತಗ್ಗಿದರೆ ಕಾರಣ ಖಚಿತ. ಎಷ್ಟೋ ಸಲ ಇದು ಗ್ರಾಫಿಕ್ಸ್ ಕಾರ್ಡಿನ ಸುರುಳಿಗಳಿಂದ ಬರುತ್ತದೆ, ಎಸ್‌ಎಂಪಿಎಸ್‌ನಿಂದಲ್ಲ. ಕಿವಿಗೆ ಹಿಂಸೆ ಹೌದು, ಯಂತ್ರಕ್ಕೆ ಹಾನಿ ಇಲ್ಲ.

ಯುಪಿಎಸ್ ಮೇಲೆ ಓಡುವಾಗ ಮಾತ್ರ ಗುಂಯ್ ಅನ್ನುತ್ತದೆ, ಯಾಕೆ?

ಸೈನ್ ಅಲೆಯನ್ನು ಅಣಕಿಸುವ ಮೆಟ್ಟಿಲು ಮೆಟ್ಟಿಲಾದ ಅಲೆ ಕೊಡುವ ಯುಪಿಎಸ್ ಇದ್ದರೆ, ಆಕ್ಟಿವ್ ಪಿಎಫ್‌ಸಿ (ಎಳೆಯುವ ಕರೆಂಟನ್ನು ವೋಲ್ಟೇಜಿನ ಅಲೆಗೆ ಹೊಂದಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ನ ಸುರುಳಿಗಳು ಹೀಗೆ ಝೇಂಕರಿಸುತ್ತವೆ. ಫ್ಯಾನ್ ಮುಟ್ಟಬೇಕಾಗಿಲ್ಲ. ಕರೆಂಟ್ ಬಂದ ಕೂಡಲೇ ಸದ್ದು ಹೋದರೆ ಕಾರಣ ಇದೇ. ಬ್ಯಾಟರಿಗೆ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಆಫ್ ಆಗಿಬಿಡುತ್ತಿದ್ದರೆ ಶುದ್ಧ ಸೈನ್ ಅಲೆ ಕೊಡುವ ಯುಪಿಎಸ್ ಬೇಕಾಗುತ್ತದೆ.

ಫ್ಯಾನ್ ಚೆನ್ನಾಗಿದೆ, ಆದರೆ ಯಾವಾಗಲೂ ಜೋರಾಗಿ ತಿರುಗುತ್ತದೆ. ಏನು ಕಾರಣ?

ಎಸ್‌ಎಂಪಿಎಸ್ ಒಳಗೆ ಹೀಟ್‌ಸಿಂಕಿನ ಹತ್ತಿರ ಥರ್ಮಿಸ್ಟರ್ ಎಂಬ ಪುಟ್ಟ ಬಿಡಿಭಾಗ ಇರುತ್ತದೆ. ಬಿಸಿ ಏರಿದಂತೆ ಅದು ಫ್ಯಾನಿಗೆ ಹೋಗುವ ವೋಲ್ಟೇಜನ್ನು ಏರಿಸುತ್ತದೆ: ತಣ್ಣಗಿದ್ದಾಗ 4 ಅಥವಾ 5 ವೋಲ್ಟ್, ಕಾದಾಗ 12 ವೋಲ್ಟಿನವರೆಗೆ. ಅಂದಮೇಲೆ ಫ್ಯಾನ್ ಜೋರಾಗಿದೆ ಎಂದರೆ ಒಳಗೆ ಬಿಸಿ ಇದೆ ಎಂದರ್ಥ. ಬಿಸಿಗೆ ಕಾರಣ ಮೂರೇ: ಗಾಳಿಗೆ ತಡೆ, ಸುತ್ತಲಿನ ಸೆಕೆ, ಹೆಚ್ಚಿನ ಲೋಡ್.

ಲೋಡಿನ ಲೆಕ್ಕ ನೋಡಿ. ಕಂಪ್ಯೂಟರಿಗೆ 400 ವ್ಯಾಟ್ ಬೇಕು ಎಂದಿಟ್ಟುಕೊಳ್ಳಿ. ಎಸ್‌ಎಂಪಿಎಸ್ ದಕ್ಷತೆ ಶೇ 85 ಆದರೆ ಅದು ಗೋಡೆಯಿಂದ ಸುಮಾರು 470 ವ್ಯಾಟ್ ಎಳೆಯುತ್ತದೆ. ಮಿಕ್ಕ 70 ವ್ಯಾಟ್ ಡಬ್ಬಿಯೊಳಗೇ ಬಿಸಿಯಾಗುತ್ತದೆ. ದಕ್ಷತೆ ಶೇ 92 ಆದರೆ ಎಳೆಯುವುದು ಸುಮಾರು 435 ವ್ಯಾಟ್, ಬಿಸಿ 35 ವ್ಯಾಟ್ ಮಾತ್ರ. ಫ್ಯಾನ್ ಹೊರಹಾಕಬೇಕಾದ ಬಿಸಿ ಅರ್ಧಕ್ಕರ್ಧ ಇಳಿಯಿತು. ಫ್ಯಾನಿನ ವೇಗ ಅರ್ಧ ಮಾಡಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ, ಅಂದರೆ ಕೇಳಿಸುತ್ತಿದ್ದದ್ದು ಬಹುತೇಕ ಕೇಳಿಸದಂತಾಗುತ್ತದೆ. 450 ವ್ಯಾಟಿನ ಎಸ್‌ಎಂಪಿಎಸ್‌ಗೆ 400 ವ್ಯಾಟಿನ ಭಾರ ಹೊರಿಸಿ ಮೌನ ನಿರೀಕ್ಷಿಸುವುದು ಆಗದ ಮಾತು.

ಧೂಳು ತೆಗೆಯುವ ಸರಿಯಾದ ಕ್ರಮ ಯಾವುದು?

ಬೇಕಾದ್ದು: ಒತ್ತಿದ ಗಾಳಿಯ ಕ್ಯಾನ್ ಅಥವಾ ಎಲೆಕ್ಟ್ರಾನಿಕ್ಸ್‌ಗೆಂದೇ ಇರುವ ಬ್ಲೋವರ್, ಮೆತ್ತನೆಯ ಬ್ರಷ್, ತೆಳ್ಳನೆಯ ಪ್ಲಾಸ್ಟಿಕ್ ಕಡ್ಡಿ, ಮೂಗಿಗೆ ಮಾಸ್ಕ್.

ಆಫ್ ಮಾಡಿ ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಪವರ್ ಬಟನ್ ಐದು ಸೆಕೆಂಡ್ ಒತ್ತಿ ಹಿಡಿಯಿರಿ. ಸಾಧ್ಯವಾದರೆ ಎಸ್‌ಎಂಪಿಎಸ್ ಹೊರತೆಗೆದು ತೆರೆದ ಜಾಗಕ್ಕೆ ಒಯ್ಯಿರಿ. ಕ್ಯಾಬಿನೆಟ್ ಒಳಗೇ ಊದಿದರೆ ಅದರ ಧೂಳೆಲ್ಲ ಗ್ರಾಫಿಕ್ಸ್ ಕಾರ್ಡಿನ ಮೇಲೆ ಕೂರುತ್ತದೆ. ಪ್ಲಗ್ ಕಿತ್ತ ಮೇಲೆ ಹತ್ತು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಕಡ್ಡಿಯ ತುದಿಯನ್ನಷ್ಟೇ ಜಾಲರಿಯೊಳಗೆ ಹಾಕಿ ರೆಕ್ಕೆ ತಿರುಗದಂತೆ ಹಿಡಿಯಿರಿ. ಈ ಹೆಜ್ಜೆಯನ್ನು ಬಹಳ ಜನ ಬಿಡುತ್ತಾರೆ. ಗಾಳಿಯ ರಭಸಕ್ಕೆ ಫ್ಯಾನ್ ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ, ಮೋಟಾರ್ ಜನರೇಟರಿನಂತೆ ಕೆಲಸ ಮಾಡಿ ಸರ್ಕ್ಯೂಟಿಗೆ ವೋಲ್ಟೇಜ್ ಹಿಮ್ಮುಖವಾಗಿ ಕಳಿಸುತ್ತದೆ.

ಮೊದಲು ಹಿಂಬದಿಯ ಜೇನುಗೂಡಿನಂಥ ತೂತುಗಳಿಂದ ಒಳಕ್ಕೆ ಊದಿ, ಧೂಳು ಫ್ಯಾನಿನ ಕಡೆಯಿಂದ ಹೊರಬರಲಿ. ಆಮೇಲೆ ಫ್ಯಾನಿನ ಕಡೆಯಿಂದ. ಒಂದೊಂದು ಸಲಕ್ಕೆ ಒಂದೆರಡು ಸೆಕೆಂಡ್ ಸಾಕು. ಕ್ಯಾನನ್ನು ನೆಟ್ಟಗೆ ಹಿಡಿಯಿರಿ. ಓರೆ ಮಾಡಿದರೆ ಗಾಳಿಯ ಬದಲು ಕೊರೆಯುವ ದ್ರವ ಚಿಮ್ಮುತ್ತದೆ. ರೆಕ್ಕೆಗಳ ಅಂಚಿಗೆ ಅಂಟಿದ ಧೂಳು ಗಾಳಿಗೆ ಹೋಗದಿದ್ದರೆ ಬ್ರಷ್ ಆಡಿಸಿ. ಒಂದು ರೆಕ್ಕೆ ಸ್ವಚ್ಛವಾಗಿ ಪಕ್ಕದ್ದು ಕೊಳೆಯಾಗಿ ಉಳಿದರೆ ತೂಕ ಏರುಪೇರಾಗಿ ಅದುರುತ್ತದೆ, ಎಲ್ಲವನ್ನೂ ಸಮನಾಗಿ ಶುಚಿ ಮಾಡಿ.

ತಳದಲ್ಲಿ ಧೂಳಿನ ಫಿಲ್ಟರ್ ಇದ್ದರೆ ಅದನ್ನು ಎಳೆದು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ. ಎಸ್‌ಎಂಪಿಎಸ್ ಸದ್ದಿನ ಎಷ್ಟೋ ದೂರುಗಳು ಈ ಫಿಲ್ಟರ್ ತೊಳೆದರೆ ಮುಗಿಯುತ್ತವೆ. ಸಾಕುಪ್ರಾಣಿ ಇರುವ ಅಥವಾ ಧೂಳು ಹೆಚ್ಚಿರುವ ಮನೆಯಲ್ಲಿ ತಿಂಗಳಿಗೊಮ್ಮೆ ಫಿಲ್ಟರ್ ನೋಡಿ, ಉಳಿದವರು ಮೂರು ತಿಂಗಳಿಗೊಮ್ಮೆ.

ವ್ಯಾಕ್ಯೂಮ್ ಕ್ಲೀನರ್, ಹೇರ್ ಡ್ರೈಯರ್ ಬಳಸಬಹುದೇ?

ಹೊರಗಿನ ಫಿಲ್ಟರಿಗೆ ವ್ಯಾಕ್ಯೂಮ್ ಸರಿ, ಒಳಭಾಗಗಳ ಹತ್ತಿರ ಬೇಡ. ಅದರ ಪ್ಲಾಸ್ಟಿಕ್ ಮೂತಿಯಲ್ಲಿ ಸ್ಥಿರ ವಿದ್ಯುತ್ ಹುಟ್ಟುತ್ತದೆ. ಹೇರ್ ಡ್ರೈಯರ್ ಬೇಡವೇ ಬೇಡ.

ಎಸ್‌ಎಂಪಿಎಸ್ ಫ್ಯಾನ್ ಮೇಲ್ಮುಖ ಇರಬೇಕೋ ಕೆಳಮುಖವೋ?

ಎಸ್‌ಎಂಪಿಎಸ್ ತಳದಲ್ಲಿದ್ದು, ಅದರ ಕೆಳಗೆ ತೂತುಗಳಿದ್ದು, ಕ್ಯಾಬಿನೆಟ್ ಕಾಲುಗಳು ನೆಲದಿಂದ ಎತ್ತರವಾಗಿದ್ದರೆ ಕೆಳಮುಖ ಒಳ್ಳೆಯದು. ಹೊರಗಿನ ತಣ್ಣನೆಯ ಗಾಳಿ ನೇರವಾಗಿ ಸಿಗುತ್ತದೆ. ಆದರೆ ಕ್ಯಾಬಿನೆಟ್ ಕಾರ್ಪೆಟ್ ಮೇಲಿದ್ದರೆ ಅದು ಉಸಿರು ಕಟ್ಟಿಸಿದಂತೆಯೇ. ಕೆಳಗೊಂದು ಹಲಗೆ ಇಡಿ. ತಳದಲ್ಲಿ ತೂತೇ ಇಲ್ಲದಿದ್ದರೆ ಮೇಲ್ಮುಖ ಮಾಡುವುದು ಬಿಟ್ಟು ಬೇರೆ ದಾರಿಯಿಲ್ಲ. ಆಗ ಮೇಲಿನಿಂದ ಸ್ಕ್ರೂ ಬಿದ್ದರೆ ಸೀದಾ ಎಸ್‌ಎಂಪಿಎಸ್ ಒಳಗೇ ಹೋಗುತ್ತದೆ ಎಂಬುದು ನೆನಪಿರಲಿ.

ಇಡೀ ಕ್ಯಾಬಿನೆಟ್ ಅದುರಿ ಗುಂಯ್‌ಗುಡುತ್ತದೆ. ಏನು ಮಾಡಬೇಕು?

ಎಸ್‌ಎಂಪಿಎಸ್‌ನ ನಾಲ್ಕೂ ಸ್ಕ್ರೂ ಇವೆಯೇ, ಬಿಗಿಯಾಗಿವೆಯೇ ನೋಡಿ. ಎರಡೇ ಸ್ಕ್ರೂ ಹಾಕಿ ಬಿಟ್ಟಿರುವ ಜೋಡಣೆಗಳು ಅಪರೂಪವಲ್ಲ. ಬಿಗಿ ಮಾಡುವಾಗ ನಾಲ್ಕನ್ನೂ ಅರ್ಧಕ್ಕೆ ತಿರುಗಿಸಿ ಕೂರಿಸಿ, ಆಮೇಲೆ ಮೂಲೆಯಿಂದ ಎದುರು ಮೂಲೆಗೆ ಒಂದೊಂದಾಗಿ ಬಿಗಿ ಮಾಡಿ. ಡಬ್ಬಿ ಕೂರುವ ಜಾಗದಲ್ಲಿ ತೆಳು ರಬ್ಬರ್ ಅಥವಾ ಫೋಮ್ ಪಟ್ಟಿ ಅಂಟಿಸಿದರೆ ಬಹಳ ವ್ಯತ್ಯಾಸವಾಗುತ್ತದೆ, ಗಾಳಿಯ ತೂತು ಮುಚ್ಚದಿದ್ದರೆ ಸರಿ. ಪಕ್ಕದ ಮುಚ್ಚಳಗಳೂ ಅದುರುತ್ತವೆ.

ಸಾಫ್ಟ್‌ವೇರ್ ಅಥವಾ ಬಯೋಸ್‌ನಿಂದ ಈ ಫ್ಯಾನಿನ ವೇಗ ಇಳಿಸಬಹುದೇ?

ಸಾಮಾನ್ಯವಾಗಿ ಆಗುವುದಿಲ್ಲ. ಎಸ್‌ಎಂಪಿಎಸ್ ಫ್ಯಾನಿಗೂ ಮದರ್‌ಬೋರ್ಡಿಗೂ ಸಂಪರ್ಕವೇ ಇರುವುದಿಲ್ಲ. ಫ್ಯಾನ್ ವೇಗ ತೋರಿಸುವ ಪ್ರೋಗ್ರಾಮುಗಳಲ್ಲಿ ಅದು ಕಾಣಿಸದಿರುವುದೂ ಇದಕ್ಕೇ. ಯುಎಸ್‌ಬಿ ಕೇಬಲ್ ಮೂಲಕ ಮದರ್‌ಬೋರ್ಡಿಗೆ ಜೋಡಿಸುವ ದುಬಾರಿ ಮಾದರಿಗಳು ಮಾತ್ರ ಅಪವಾದ. ಪರೋಕ್ಷವಾಗಿ ಮಾಡಬಹುದಾದ್ದು ಉಂಟು: ಗ್ರಾಫಿಕ್ಸ್ ಕಾರ್ಡಿನ ಪವರ್ ಮಿತಿಯನ್ನು ಸ್ವಲ್ಪ ಇಳಿಸಿದರೆ ಲೋಡ್ ಇಳಿದು ಎಸ್‌ಎಂಪಿಎಸ್ ತಣ್ಣಗಾಗಿ ಫ್ಯಾನ್ ನಿಧಾನವಾಗುತ್ತದೆ.

ಫ್ಯಾನ್ ಒಮ್ಮೆ ನಿಂತು ಒಮ್ಮೆ ಧುತ್ತೆಂದು ಶುರುವಾಗುತ್ತದೆ. ಕೆಟ್ಟಿದೆಯೇ?

ಝೀರೋ ಆರ್‌ಪಿಎಂ ಸೌಲಭ್ಯ (ಲೋಡ್ ಕಡಿಮೆ ಇದ್ದಾಗ ಫ್ಯಾನನ್ನು ಪೂರ್ತಿ ನಿಲ್ಲಿಸುವುದು) ಇರುವ ಮಾದರಿಯಾದರೆ ಕೆಟ್ಟಿಲ್ಲ. ಲೋಡ್ ಸರಿಯಾಗಿ ಗಡಿಯಲ್ಲಿದ್ದಾಗ ಹೀಗೆ ಹತ್ತಿ ಇಳಿಯುತ್ತಿರುತ್ತದೆ. ಹಿಂಬದಿಯಲ್ಲಿ ಇಕೋ ಅಥವಾ ಹೈಬ್ರಿಡ್ ಎಂಬ ಸ್ವಿಚ್ ಇದ್ದರೆ ಆ ಸೌಲಭ್ಯ ಆಫ್ ಮಾಡಿ. ಸದಾ ಮೆಲ್ಲಗೆ ತಿರುಗುವ ಫ್ಯಾನು, ಆಗಾಗ ಶುರುವಾಗಿ ನಿಲ್ಲುವ ಫ್ಯಾನಿಗಿಂತ ಕಿವಿಗೆ ಹಿತ.

ಯಾವಾಗ ತಕ್ಷಣ ಆಫ್ ಮಾಡಬೇಕು?

ಸುಟ್ಟ ವಾಸನೆ, ಚಟಪಟ ಸದ್ದು, ಹೊಗೆ, ಕಿಡಿ, ಅಥವಾ ಝೀರೋ ಆರ್‌ಪಿಎಂ ಇಲ್ಲದ ಮಾದರಿಯಲ್ಲಿ ಫ್ಯಾನ್ ನಿಂತೇಹೋಗಿರುವುದು. ಇವುಗಳಲ್ಲಿ ಯಾವುದು ಕಂಡರೂ ಗೋಡೆಯ ಸ್ವಿಚ್ ಆಫ್ ಮಾಡಿ, ಮತ್ತೆ ಹಾಕಬೇಡಿ. ಒಳ್ಳೆಯ ಎಸ್‌ಎಂಪಿಎಸ್ ಅತಿ ಬಿಸಿಯಾದಾಗ ತಾನೇ ಆಫ್ ಆಗುತ್ತದೆ, ಅಗ್ಗದವುಗಳಲ್ಲಿ ಆ ರಕ್ಷಣೆ ಇಲ್ಲದಿರಬಹುದು. ಬರೀ ಗರಗರ ಅನ್ನುತ್ತಿದ್ದರೆ ಅಷ್ಟು ತುರ್ತಿಲ್ಲ. ಆದರೆ ಫ್ಯಾನ್ ನಿಧಾನವಾದಷ್ಟೂ ಕೆಪಾಸಿಟರುಗಳು ಕಾಯುತ್ತವೆ. ಬಿಸಿ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯುಷ್ಯ ಸರಿಸುಮಾರು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ಲೆಕ್ಕ.

ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಬಹುದೇ?

ಮಲ್ಟಿಮೀಟರ್ ಹಿಡಿದು ಹೈ ವೋಲ್ಟೇಜ್ ಸರ್ಕ್ಯೂಟಿನಲ್ಲಿ ಕೆಲಸ ಮಾಡಿ ಅಭ್ಯಾಸವಿಲ್ಲದಿದ್ದರೆ ಬೇಡ. ಇದನ್ನು ಹೆದರಿಸಲು ಹೇಳುತ್ತಿಲ್ಲ, ಲೆಕ್ಕ ನೋಡಿ: ಒಳಗಿನ ಮುಖ್ಯ ಕೆಪಾಸಿಟರ್ 470 ಮೈಕ್ರೋಫ್ಯಾರಡ್ ಇದ್ದು 380 ವೋಲ್ಟ್ ತುಂಬಿಕೊಂಡಿದ್ದರೆ ಅದರಲ್ಲಿರುವ ಶಕ್ತಿ ಸುಮಾರು 34 ಜೂಲ್. ಎದೆಯ ಮೂಲಕ ಹಾದರೆ ಹೃದಯ ನಿಲ್ಲಿಸಲು ಅಷ್ಟು ಸಾಕು. ಅದನ್ನು ಖಾಲಿ ಮಾಡಲೆಂದು ರೆಸಿಸ್ಟರ್ ಇಟ್ಟಿರುತ್ತಾರೆ, ಆದರೆ ಆ ರೆಸಿಸ್ಟರೇ ಸುಟ್ಟಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ಜೊತೆಗೆ, ಬಿಚ್ಚಿದರೆ ವಾರಂಟಿ ಹೋಗುತ್ತದೆ.

ವಾರಂಟಿ ಇದ್ದರೆ ಬದಲಿಸಿಕೊಳ್ಳಿ. ವಾರಂಟಿ ಮುಗಿದು ವರ್ಷಗಳಾದ ಸಾಧಾರಣ ಎಸ್‌ಎಂಪಿಎಸ್ ಆದರೆ ಹೊಸದು ಹಾಕಿ. ಫ್ಯಾನ್ ಸವೆಯುವಷ್ಟು ದುಡಿದ ಡಬ್ಬಿಯಲ್ಲಿ ಕೆಪಾಸಿಟರುಗಳೂ ಅಷ್ಟೇ ದುಡಿದಿರುತ್ತವೆ. ವಾರಂಟಿ ಈಚೆಗೆ ಮುಗಿದಿರುವ, ಒಳ್ಳೆಯ ದರ್ಜೆಯ ಎಸ್‌ಎಂಪಿಎಸ್‌ಗೆ ಮಾತ್ರ ಫ್ಯಾನ್ ಕೆಲಸ ಸಾರ್ಥಕ. ಅದನ್ನೂ ತಿಳಿದವರ ಕೈಯಲ್ಲಿ ಮಾಡಿಸಿ.

ಕೆಲಸ ತಿಳಿದವರು ಬಿಚ್ಚುವಾಗ ಯಾವ ಕ್ರಮ ಅನುಸರಿಸಬೇಕು?

ಪ್ಲಗ್ ಕಿತ್ತು ಕನಿಷ್ಠ ಅರ್ಧ ಗಂಟೆ ಬಿಡಿ. ಮುಚ್ಚಳದ ನಾಲ್ಕು ಸ್ಕ್ರೂಗಳಲ್ಲಿ ಒಂದು ವಾರಂಟಿ ಸ್ಟಿಕರಿನ ಅಡಿಯಲ್ಲಿರಬಹುದು. ಫ್ಯಾನ್ ಮುಚ್ಚಳಕ್ಕೇ ಅಂಟಿಕೊಂಡಿರುತ್ತದೆ, ಅದರ ತಂತಿ ಗಿಡ್ಡ. ರಪ್ಪನೆ ಎತ್ತಿದರೆ ಕಿತ್ತುಬರುತ್ತದೆ. ಒಂದು ಕೈ ಬೆನ್ನ ಹಿಂದಿಟ್ಟು ಒಂದೇ ಕೈಯಲ್ಲಿ ಕೆಲಸ ಮಾಡುವ ರೂಢಿ ಒಳ್ಳೆಯದು. ಉಂಗುರ, ಬಳೆ, ವಾಚು, ಆಂಟಿಸ್ಟ್ಯಾಟಿಕ್ ಪಟ್ಟಿ ತೆಗೆದಿಡಿ. ಆ ಪಟ್ಟಿ ಮೈಯನ್ನು ಗ್ರೌಂಡಿಗೆ ಜೋಡಿಸುವುದರಿಂದ ಇಲ್ಲಿ ಅಪಾಯ.

ಮಲ್ಟಿಮೀಟರನ್ನು 600 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನ ಡಿಸಿ ರೇಂಜಿಗೆ ಇಟ್ಟು ದೊಡ್ಡ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆಯಿರಿ. 10 ವೋಲ್ಟಿಗಿಂತ ಹೆಚ್ಚಿದ್ದರೆ, ಇನ್ಸುಲೇಷನ್ ಇರುವ ತಂತಿಗಳಿಗೆ ಬೆಸೆದ 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರನ್ನು ಅರ್ಧ ನಿಮಿಷ ಅಡ್ಡ ಹಿಡಿದು ಮತ್ತೆ ಅಳೆಯಿರಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡಬೇಡಿ. ಲೋಹ ಕರಗಿ ಸಿಡಿಯುತ್ತದೆ.

ಫ್ಯಾನಿಗೆ ಎಣ್ಣೆ ಹಾಕಿದರೆ ಸದ್ದು ಹೋಗುತ್ತದೆಯೇ?

ಸ್ಲೀವ್ ಬೇರಿಂಗ್ ಆದರೆ ಹೋಗುತ್ತದೆ, ಸ್ವಲ್ಪ ಕಾಲದ ಮಟ್ಟಿಗೆ. ಫ್ಯಾನಿನ ನಡುವಿನ ಸ್ಟಿಕರ್ ಅರ್ಧ ಎಬ್ಬಿಸಿದರೆ ರಬ್ಬರ್ ಬಿರಡೆ ಕಾಣುತ್ತದೆ. ಅದನ್ನು ತೆಗೆದು ಶಾಫ್ಟಿನ ತುದಿಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟು, ರೆಕ್ಕೆಯನ್ನು ಕೈಯಿಂದ ಇಪ್ಪತ್ತು ಸುತ್ತು ತಿರುಗಿಸಿ, ಹೆಚ್ಚಾದ ಎಣ್ಣೆ ಒರೆಸಿ ಬಿರಡೆ ಹಾಕಿ. ಸ್ಟಿಕರಿನ ಅಂಟಿಗೆ ಎಣ್ಣೆ ತಾಗಿದ್ದರೆ ಅದು ಮತ್ತೆ ಕೂರುವುದಿಲ್ಲ. ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹೊಸ ಟೇಪ್ ಅಂಟಿಸಿ. ಮುಚ್ಚಿಲ್ಲದಿದ್ದರೆ ಎಣ್ಣೆ ಹೊರಚೆಲ್ಲಿ ಸರ್ಕ್ಯೂಟಿನ ಮೇಲೆ ಧೂಳು ಹಿಡಿಸುತ್ತದೆ.

ಡಬ್ಲ್ಯುಡಿ-40 ಹಾಕಬೇಡಿ. ಅದರ ಹೆಚ್ಚಿನ ಭಾಗ ಆವಿಯಾಗುವ ದ್ರಾವಕ. ಉಳಿದ ಹಳೆಯ ಎಣ್ಣೆಯನ್ನೂ ತೊಳೆದುಕೊಂಡು ಹೋಗುತ್ತದೆ, ಎರಡು ದಿನ ಮೌನ, ಆಮೇಲೆ ಮೊದಲಿಗಿಂತ ಜೋರು. ಅಡುಗೆ ಎಣ್ಣೆ ಬಿಸಿಗೆ ಅಂಟಂಟಾಗುತ್ತದೆ. ಬಾಲ್ ಬೇರಿಂಗ್ ಗರಗರ ಅನ್ನುತ್ತಿದ್ದರೆ ಎಣ್ಣೆಯಿಂದ ಪ್ರಯೋಜನವಿಲ್ಲ, ಸವೆದ ಲೋಹ ಮತ್ತೆ ಬೆಳೆಯುವುದಿಲ್ಲ.

ಫ್ಯಾನ್ ಬದಲಿಸುವಾಗ ಏನೇನು ಹೊಂದಬೇಕು?

ಅಳತೆ ಮೊದಲು. 80 ಮಿಲಿಮೀಟರ್ ಫ್ಯಾನಿನ ಸ್ಕ್ರೂ ತೂತುಗಳ ನಡುವಿನ ಅಂತರ 71.5 ಮಿಲಿಮೀಟರ್, 120ಕ್ಕೆ 105, 140ಕ್ಕೆ 124.5. 135 ಮಿಲಿಮೀಟರ್ ಫ್ಯಾನ್ ಎಸ್‌ಎಂಪಿಎಸ್‌ಗಳಲ್ಲೇ ಹೆಚ್ಚು, ಬಿಡಿಯಾಗಿ ಸಿಗುವುದು ಕಷ್ಟ. ತೂತಿನ ಅಂತರ ಅಳೆದೇ ತರಬೇಕು. ದಪ್ಪ ಸಾಮಾನ್ಯವಾಗಿ 25 ಮಿಲಿಮೀಟರ್, ಚಿಕ್ಕ ಎಸ್‌ಎಫ್‌ಎಕ್ಸ್ ಡಬ್ಬಿಗಳಲ್ಲಿ 15 ಇರುವುದುಂಟು.

ಆಮೇಲೆ ಲೇಬಲ್. 12 ವೋಲ್ಟ್ ಎಂಬುದಷ್ಟೇ ಸಾಲದು, ಆಂಪಿಯರ್ ನೋಡಿ. ಹಳೆಯದರ ಮೇಲೆ 0.30 ಆಂಪಿಯರ್ ಇದ್ದು ಹೊಸದರ ಮೇಲೆ 0.10 ಇದ್ದರೆ ಗಾಳಿ ತೀರಾ ಕಡಿಮೆ ಎಂಬ ಸುಳಿವು ಅದು. ಕ್ಯಾಬಿನೆಟ್‌ಗೆಂದು ಮಾಡಿದ ಮೌನದ ಫ್ಯಾನ್ ತಂದು ಹಾಕಿ ಎಸ್‌ಎಂಪಿಎಸ್ ಬೇಯಿಸುವುದು ಸಾಮಾನ್ಯ ತಪ್ಪು. ಹೊಸ ಫ್ಯಾನ್ 4 ಅಥವಾ 5 ವೋಲ್ಟಿಗೇ ತಿರುಗಲು ಶುರುವಾಗಬೇಕು. 7 ವೋಲ್ಟ್ ಬೇಡುವ ಫ್ಯಾನ್ ತಣ್ಣಗಿದ್ದಾಗ ನಡುಗುತ್ತ ನಿಂತಿರುತ್ತದೆ. ಬೇರಿಂಗ್ ವಿಷಯದಲ್ಲಿ, ಮಲಗಿಸಿದ ಸ್ಥಿತಿಯಲ್ಲಿ ಕೆಲಸ ಮಾಡುವ ಈ ಜಾಗಕ್ಕೆ ಫ್ಲೂಯಿಡ್ ಡೈನಾಮಿಕ್ ಅಥವಾ ಬಾಲ್ ಬೇರಿಂಗ್ ಆರಿಸಿ, ಬರೀ ಸ್ಲೀವ್ ಬೇಡ.

ಮೂರು ತಂತಿಯ ಫ್ಯಾನ್ ಹಾಕುವುದಾದರೆ ಗ್ರೌಂಡ್ ಮತ್ತು 12 ವೋಲ್ಟ್ ತಂತಿ ಮಾತ್ರ ಜೋಡಿಸಿ, ವೇಗ ತಿಳಿಸುವ ಮೂರನೆಯದಕ್ಕೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ) ತೊಡಿಸಿ ಬಿಡಿ. ಹಳೆಯ ಫ್ಯಾನಿಗೇ ಮೂರು ತಂತಿ ಇದ್ದರೆ ಎಸ್‌ಎಂಪಿಎಸ್ ಆ ಸಂಕೇತವನ್ನು ಗಮನಿಸುತ್ತಿರಬಹುದು, ಮೂರನ್ನೂ ಜೋಡಿಸಬೇಕು. ಬೆಸುಗೆಯ ಮೇಲೆ ಹೀಟ್ ಶ್ರಿಂಕ್ ಕಡ್ಡಾಯ. ಹಳೆಯ ಫ್ಯಾನ್ ಗಾಳಿ ಬೀಸುತ್ತಿದ್ದ ದಿಕ್ಕಿಗೇ ಬೀಸುವಂತೆ ಕೂರಿಸಿ. ಚೌಕಟ್ಟಿನ ಮೇಲೆ ಬಾಣದ ಗುರುತಿದ್ದರೆ ನೋಡಿ. ಹಳೆಯ ಪ್ಲಾಸ್ಟಿಕ್ ಹಾಳೆಯನ್ನು ಮರೆಯದೆ ಅದೇ ಜಾಗದಲ್ಲಿ ಹಾಕಿ. ತಂತಿಯನ್ನು ರೆಕ್ಕೆಗೂ ಹೀಟ್‌ಸಿಂಕಿಗೂ ದೂರ ಕಟ್ಟಿ. ಮುಚ್ಚಳ ಹಾಕಿದ ಮೇಲೆಯೇ ಕರೆಂಟ್ ಕೊಡಿ.

ಹೊಸ ಎಸ್‌ಎಂಪಿಎಸ್ ಕೊಳ್ಳುವಾಗ ಸದ್ದಿನ ಮಟ್ಟಿಗೆ ಏನು ನೋಡಬೇಕು?

ಯಂತ್ರದ ಗರಿಷ್ಠ ಬಳಕೆ ಎಸ್‌ಎಂಪಿಎಸ್ ಸಾಮರ್ಥ್ಯದ ಶೇ 60ರ ಆಸುಪಾಸಿನಲ್ಲಿರಲಿ. ಫ್ಯಾನ್ 120 ಮಿಲಿಮೀಟರ್ ಅಥವಾ ದೊಡ್ಡದಿರಲಿ. ಬೇರಿಂಗ್ ಯಾವುದೆಂದು ತಯಾರಕರು ಬರೆದಿದ್ದಾರೆಯೇ ನೋಡಿ. ಬರೆಯದಿದ್ದರೆ ಹೆಚ್ಚಾಗಿ ಸ್ಲೀವ್. ವಾರಂಟಿ ಉದ್ದವಿದ್ದಷ್ಟೂ ಫ್ಯಾನ್ ಒಳ್ಳೆಯದು ಹಾಕಿರುವ ಸಾಧ್ಯತೆ ಹೆಚ್ಚು.

ಮಾಡ್ಯುಲರ್, ಅಂದರೆ ಕೇಬಲ್‌ಗಳನ್ನು ಬಿಡಿಸಬಹುದಾದ, ಎಸ್‌ಎಂಪಿಎಸ್ ಆದರೆ ಹಳೆಯದರ ಕೇಬಲ್‌ಗಳನ್ನು ಕ್ಯಾಬಿನೆಟ್ಟಿನಲ್ಲೇ ಬಿಟ್ಟು ಹೊಸ ಡಬ್ಬಿ ಚುಚ್ಚಬೇಡಿ. ಡ್ರೈವಿನ ಕಡೆಯ ತುದಿ ಎಲ್ಲದರಲ್ಲೂ ಒಂದೇ ಇದ್ದರೂ ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಯಿಂದ ಕಂಪನಿಗೆ, ಒಂದೇ ಕಂಪನಿಯ ಮಾದರಿಯಿಂದ ಮಾದರಿಗೂ ಬೇರೆ ಇರುತ್ತದೆ. ಕನೆಕ್ಟರ್ ಸಲೀಸಾಗಿ ಕೂರುತ್ತದೆ, ಆದರೆ 5 ವೋಲ್ಟ್ ಹೋಗಬೇಕಾದಲ್ಲಿ 12 ವೋಲ್ಟ್ ಹೋಗಿ ಡಿಸ್ಕುಗಳು ಆನ್ ಮಾಡಿದ ಕ್ಷಣಕ್ಕೇ ಸುಡುತ್ತವೆ. ಹೊಸ ಡಬ್ಬಿಯ ಜೊತೆ ಬಂದ ಕೇಬಲ್‌ಗಳನ್ನೇ ಹಾಕಿ.